ಕೊತವಾಲನ ವಂಶ: ‘ಅರ್ಧಸತ್ಯ’ ಮತ್ತು ಪುಣೆ

ಗೋವಿಂದ ನಿಹಲಾನಿ ನಿರ್ದೇಶಿಸಿದ ‘ಅರ್ಧಸತ್ಯ’ (1983) ಮುಂಬಯಿಯ ಕತೆ. ಅದರ ಪೋಲೀಸ್ ಠಾಣೆ, ಬೀದಿ, ಪಾತಕಲೋಕ ಎಲ್ಲವೂ ಆ ನಗರದವು. ಆದರೆ ಅದರ ನಾಯಕನಾದ ಸಬ್ ಇನ್‌ಸ್ಪೆಕ್ಟರ್ ಅನಂತ ವೇಲಣಕರನ ವಂಶಾವಳಿಯನ್ನು ಅರಸುವವರು ಪುಣೆಗೆ, ಅದೂ ಪೇಶವೆಗಳ ಪುಣೆಗೆ ಬರಬೇಕಾಗುತ್ತದೆ.

ನಾನಾ ಫಡ್ನವೀಸನ ಕಾಲದಲ್ಲಿ ಪುಣೆಯ ಕೊತವಾಲನಾಗಿದ್ದವನು ಘಾಶೀರಾಮ. ಅವನು ಕೂಡಿಹಾಕಿಸಿದ್ದ ತೆಲಂಗ ಬ್ರಾಹ್ಮಣರಲ್ಲಿ ಹಲವರು ಉಸಿರುಕಟ್ಟಿ ಸತ್ತರು. ರೊಚ್ಚಿಗೆದ್ದ ಜನ 1791ರಲ್ಲಿ ಅವನನ್ನು ಕಲ್ಲು ಹೊಡೆದು ಕೊಂದರು. ಈ ಘಟನೆಯನ್ನೆತ್ತಿಕೊಂಡು ವಿಜಯ ತೆಂಡೂಲಕರರು ಬರೆದ ‘ಘಾಶೀರಾಮ ಕೊತವಾಲ’ ನಾಟಕ 1972ರ ಡಿಸೆಂಬರಿನಲ್ಲಿ ಪುಣೆಯಲ್ಲಿಯೇ ಮೊದಲು ರಂಗವೇರಿತು. ನಿರ್ದೇಶನ ಜಬ್ಬಾರ ಪಟೇಲರದು. ಸಂಗೀತ, ಮುಂದೆ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಿಗರಿಗೂ ಪರಿಚಿತರಾದ ಭಾಸ್ಕರ ಚಂದಾವರಕರರದು. ನಾಟಕವು ಪ್ರತಿರೋಧವನ್ನು ಎದುರಿಸಿತು. ಇತಿಹಾಸಕ್ಕೆ ಅಪಚಾರವಾಯಿತೆಂಬ ಆ ವಾದದ ಗದ್ದಲದಲ್ಲಿ ತೆಂಡೂಲಕರರ ಮೂಲ ಪ್ರಶ್ನೆ ಮರೆಯಾದುದೇ ಹೆಚ್ಚು. ಕೊತವಾಲನಿಗೆ ಅಧಿಕಾರವನ್ನು ಕೊಟ್ಟವರು ಯಾರು? ಅವನ ಕ್ರೌರ್ಯದ ಫಲವನ್ನು ಉಂಡವರು ಯಾರು? ಕಡೆಯಲ್ಲಿ ಅವನನ್ನು ಜನರ ಕೈಗೊಪ್ಪಿಸಿ ಶುದ್ಧರಾಗಿ ಉಳಿದವರು ಯಾರು? ನಾಟಕದಲ್ಲಿ ಈ ಮೂರಕ್ಕೂ ಉತ್ತರ ಒಬ್ಬನೇ, ನಾನಾ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಆರಂಭವಾದ ಸಂಸ್ಥೆ. ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು. ಓಂ ಪುರಿ ಆಗ ಅಲ್ಲಿ ಅಭಿನಯದ ವಿದ್ಯಾರ್ಥಿ. ಸಂಸ್ಥೆಯಿಂದ ಹೊರಬಂದ ತರುಣರು ಸಹಕಾರಿ ಪದ್ಧತಿಯಲ್ಲಿ 1976ರಲ್ಲಿ ‘ಘಾಶೀರಾಮ’ವನ್ನು ಚಲನಚಿತ್ರವಾಗಿಸಿದಾಗ ಓಂ ಪುರಿ ಅದರಲ್ಲಿ ಕೊತವಾಲನಾದರು. ಏಳು ವರ್ಷಗಳ ತರುವಾಯ ಅದೇ ನಟ, ಅದೇ ಲೇಖಕನ ಚಿತ್ರಕಥೆಯಲ್ಲಿ ವೇಲಣಕರನಾದುದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

‘ಅರ್ಧಸತ್ಯ’ದ ಮೂಲ ಎಸ್. ಡಿ. ಪಾನವಲಕರರ ‘ಸೂರ್ಯ’ ಎಂಬ ಮರಾಠಿ ಕತೆ. ವೇಲಣಕರ ಪೋಲೀಸನಾದುದು ತನ್ನ ಇಚ್ಛೆಯಿಂದಲ್ಲ. ಹೆಂಡತಿಯನ್ನು ಹೊಡೆಯುತ್ತಿದ್ದ, ತಾನೂ ಪೋಲೀಸನಾಗಿದ್ದ ತಂದೆಯ ಒತ್ತಾಯದಿಂದ. ಆ ತಂದೆಯನ್ನು ದ್ವೇಷಿಸುತ್ತಲೇ ಅವನು ತಂದೆಯ ಕೈಯನ್ನು ಬಳುವಳಿಯಾಗಿ ಪಡೆದಿದ್ದಾನೆ. ಪಾತಕಲೋಕದ ಒಡೆಯ ರಾಮಾ ಶೆಟ್ಟಿಯನ್ನು ಬಂಧಿಸಹೋದರೆ ಮೇಲಧಿಕಾರಿಯ ದೂರವಾಣಿ ಕರೆ ಅವನನ್ನು ಬರಿಗೈಯಲ್ಲಿ ಹಿಂದಿರುಗಿಸುತ್ತದೆ. ದರೋಡೆಕೋರನನ್ನು ಹಿಡಿದ ಕೀರ್ತಿ ಬೇರೊಬ್ಬ ಅಧಿಕಾರಿಯ ಪಾಲಾಗುತ್ತದೆ. ಶೆಟ್ಟಿಯ ಮೇಲೆ ಬೀಳಬೇಕಿದ್ದ ಪೆಟ್ಟು ರೇಡಿಯೋ ಕದ್ದ ಒಬ್ಬ ಬಡ ಕಳ್ಳನ ಮೇಲೆ ಬೀಳುತ್ತದೆ. ಅವನು ಠಾಣೆಯಲ್ಲಿಯೇ ಸಾಯುತ್ತಾನೆ. ಇಲ್ಲಿಂದ ಪಾರಾಗಲು ವೇಲಣಕರ ಶೆಟ್ಟಿಯ ಬಾಗಿಲಿಗೇ ಹೋಗಬೇಕಾಗುತ್ತದೆ. 1791ರ ಪುಣೆಯಲ್ಲಿ ಬಂಧನದಲ್ಲಿ ಸಂಭವಿಸಿದ ಸಾವು ಕೊತವಾಲನನ್ನು ಮುಳುಗಿಸಿದಂತೆ, ಇಲ್ಲಿಯೂ ಬಂಧನದಲ್ಲಿನ ಸಾವೇ ಅಧಿಕಾರಿಯನ್ನು ಮುಳುಗಿಸುತ್ತದೆ. ವ್ಯತ್ಯಾಸವೆಂದರೆ, ಘಾಶೀರಾಮನ ಒಡೆಯ ರಂಗದ ಮೇಲೆ ಕಾಣಿಸಿಕೊಳ್ಳುತ್ತಾನೆ. ವೇಲಣಕರನ ಒಡೆಯರು ಬಹುಮಟ್ಟಿಗೆ ದೂರವಾಣಿಯ ಆಚೆಗಿದ್ದಾರೆ.

(ಶೆಟ್ಟಿ ಎಂಬ ಹೆಸರು ಕನ್ನಡ ಕರಾವಳಿಯನ್ನು ನೆನಪಿಸದೆ ಇರದು. ಚಿತ್ರ ಆ ಕಡೆಗೆ ಹೊರಳುವುದಿಲ್ಲ. ಮುಂಬಯಿಯಲ್ಲಿ ಹೋಟೆಲು ಕಟ್ಟಿ ಬೆವರು ಸುರಿಸಿದವರ ಲೋಕಕ್ಕೂ ಈ ಪಾತ್ರಕ್ಕೂ ಹೆಸರಿನಾಚೆಗೆ ನಂಟಿಲ್ಲ. ಕನ್ನಡದ ನಿಜವಾದ ನಂಟು ನಿರ್ದೇಶಕರದು. ನಿಹಲಾನಿ ಛಾಯಾಗ್ರಹಣವನ್ನು ಕಲಿತದ್ದು ಬೆಂಗಳೂರಿನಲ್ಲಿ. ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರೂ ಅವರೇ.)

ಚಿತ್ರಕ್ಕೆ ಹೆಸರನ್ನಿತ್ತ ಕವಿತೆ ದಿಲೀಪ ಚಿತ್ರೆಯವರದು. ಪ್ರೇಯಸಿ ಜ್ಯೋತ್ಸ್ನಾ ಕೊಟ್ಟ ಪುಸ್ತಕದಿಂದ ವೇಲಣಕರ ಅದನ್ನು ಹಗುರವಾಗಿ ಓದತೊಡಗುತ್ತಾನೆ. ಓದುತ್ತ ಓದುತ್ತ ದನಿ ಕುಸಿದು ಮುಖ ಬಿಗಿಯುತ್ತದೆ. ಓಂ ಪುರಿಯವರ ಅಭಿನಯದ ಸತ್ತ್ವ ಈ ಒಂದೇ ದೃಶ್ಯದಲ್ಲಿ ಸಾಬೀತಾಗುತ್ತದೆ. ರಾಷ್ಟ್ರಪ್ರಶಸ್ತಿಯೂ ಕಾರ್ಲೋವಿ ವಾರಿಯ ಪ್ರಶಸ್ತಿಯೂ ಅವರಿಗೆ ಸಂದುದು ನ್ಯಾಯವೇ. ಕವಿತೆಯ ಪ್ರತಿಮೆ ಚಕ್ರವ್ಯೂಹ. ಕುಮಾರವ್ಯಾಸನ ದ್ರೋಣಪರ್ವವನ್ನು ಓದಿದವರಿಗೆ ಅಭಿಮನ್ಯು ಪರಿಚಿತನೇ. ಆದರೆ ಅಭಿಮನ್ಯು ಹೊಕ್ಕದ್ದು ಶತ್ರುಗಳು ರಚಿಸಿದ ವ್ಯೂಹವನ್ನು. ವೇಲಣಕರನ ವ್ಯೂಹವನ್ನು ರಚಿಸಿದ್ದು ಅವನದೇ ಸೈನ್ಯ.

ಸಮವಸ್ತ್ರವೇ ಹೀಗೆ ವೇಷವಾದ ಮೇಲೆ, ನಿಜವಾದ ವೇಷಾಂತರದ ಕತೆಗೆ ನಿಹಲಾನಿ ಬಂದುದು ಸಹಜ. ‘ದ್ರೋಹಕಾಲ’ದಲ್ಲಿ (1994) ಇಬ್ಬರು ಅಧಿಕಾರಿಗಳು ವೇಷ ಮರೆಸಿ ಭಯೋತ್ಪಾದಕರ ಗುಂಪನ್ನು ಸೇರುತ್ತಾರೆ. ಅವರನ್ನು ಕಳುಹಿಸಿದ ಅಧಿಕಾರಿ ಅಭಯಸಿಂಗ್, ಮತ್ತೆ ಓಂ ಪುರಿ. ಆದರೆ ಒಡೆಯುವುದು ಗೂಢಚಾರರ ವೇಷ ಮಾತ್ರವಲ್ಲ. ಸೆರೆಸಿಕ್ಕ ನಾಯಕ ಭದ್ರ ಸಂಸಾರದ ಭಯವನ್ನೇ ಹಿಡಿದು ಅಭಯನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ‘ಅರ್ಧಸತ್ಯ’ದ ಕೊನೆಯಲ್ಲಿ ವೇಲಣಕರ ಶೆಟ್ಟಿಯ ಕತ್ತು ಹಿಸುಕಿ ತಾನಾಗಿಯೇ ಠಾಣೆಗೆ ನಡೆದುಹೋಗಿ ಶರಣಾಗಿದ್ದ. ಅಭಯಸಿಂಗನಿಗೆ ಅಂತಹ ಠಾಣೆಯೂ ಉಳಿದಿರುವುದಿಲ್ಲ.