ಸ್ಕ್ಯಾನರ್ ಎಚ್ಚರಿಸದಿದ್ದರೆ ಏನಾಗುತ್ತದೆ?

ಸಿ.ಟಿ. ಸ್ಕ್ಯಾನ್ ಎಂದೊಡನೆ ನೆನಪಾಗುವುದು ಬಳೆಯಾಕಾರದ ದೊಡ್ಡ ಯಂತ್ರ. ಆದರೆ ರೋಗಿಯ ದೇಹದೊಳಗೆ ಎಷ್ಟು ಕ್ಷ-ಕಿರಣ ಹಾಯಬೇಕೆಂಬ ಲೆಕ್ಕ ನಡೆಯುವುದು ಅದರ ತಂತ್ರಾಂಶದಲ್ಲಿ. ತಂತ್ರಜ್ಞರು ಪ್ರತಿ ರೋಗಿಗೂ ಹೊಸದಾಗಿ ಅಂಕಿಗಳನ್ನು ತುಂಬುವುದಿಲ್ಲ. ತಲೆ, ಎದೆ, ಹೊಟ್ಟೆ ಹೀಗೆ ಒಂದೊಂದು ಪರೀಕ್ಷೆಗೂ ಮೊದಲೇ ಸಿದ್ಧಪಡಿಸಿಟ್ಟ ‘ಪ್ರೋಟೋಕಾಲ್’ ಆಯ್ದು ಗುಂಡಿ ಒತ್ತುತ್ತಾರೆ. ಅದರಲ್ಲೊಂದು ಅಂಕಿ ತಪ್ಪಿದರೆ ಆ ತಪ್ಪು ಒಬ್ಬ ರೋಗಿಗೆ ನಿಲ್ಲುವುದಿಲ್ಲ.

ಅಮೆರಿಕದ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಆದದ್ದು ಇದೇ. ಪಾರ್ಶ್ವವಾಯುವಿನ ಶಂಕೆಯಿದ್ದವರ ಮಿದುಳಿನ ರಕ್ತಸಂಚಾರವನ್ನು ಪರೀಕ್ಷಿಸುವ ಪರ್ಫ್ಯೂಷನ್ ಸ್ಕ್ಯಾನ್‌ಗೆ 2008ರ ಫೆಬ್ರವರಿಯಲ್ಲಿ ಅಲ್ಲಿ ಹೊಸ ಪ್ರೋಟೋಕಾಲ್ ಅಳವಡಿಸಲಾಯಿತು. ಯಂತ್ರದಲ್ಲಿ ಅಡಕವಾಗಿದ್ದ ಸೆಟ್ಟಿಂಗ್ ಒಂದನ್ನು ತಪ್ಪಾಗಿ ಗ್ರಹಿಸಿದ ಪರಿಣಾಮ, 0.5 ಗ್ರೇ ವಿಕಿರಣ ಬೀಳಬೇಕಾದಲ್ಲಿ 3ರಿಂದ 4 ಗ್ರೇ ಬಿದ್ದಿತು. ಹೆಚ್ಚುಕಡಿಮೆ ಎಂಟು ಪಟ್ಟು! ಇದು ಬೆಳಕಿಗೆ ಬಂದದ್ದು 18 ತಿಂಗಳ ನಂತರ, ಅದೂ ರೋಗಿಯೊಬ್ಬರು ತಮ್ಮ ತಲೆಗೂದಲು ಉದುರುತ್ತಿದೆಯೆಂದು ದೂರಿದಾಗ. ಅಷ್ಟರಲ್ಲಿ, ಮೊದಲ ಎಣಿಕೆಯ ಪ್ರಕಾರವೇ, 206 ಮಂದಿ ಆ ಸ್ಕ್ಯಾನ್‌ಗೆ ಒಳಗಾಗಿದ್ದರು.

ವಿಚಿತ್ರವೆಂದರೆ ಯಂತ್ರ ಕೆಟ್ಟಿರಲಿಲ್ಲ. ತಯಾರಕರ ಸೂಚನೆಯಂತೆ ಬಳಸಿದ್ದರೆ ಇಂತಹ ಸ್ಕ್ಯಾನರ್‌ಗಳಿಂದ ಅತಿ ವಿಕಿರಣ ಉಂಟಾಗುತ್ತಿರಲಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2010ರಲ್ಲಿ ಹೇಳಿತು. ಆದರೆ ಅಷ್ಟಕ್ಕೇ ತಯಾರಕರನ್ನು ಬಿಡದೆ, ಪ್ರಮಾಣ ಮಿತಿಮೀರುವ ಮುನ್ನ ಯಂತ್ರವೇ ಎಚ್ಚರಿಸಬೇಕೆಂದೂ ಸೂಚಿಸಿತು. ವಿಕಿರಣದ ಅಂದಾಜು ಸಿ.ಟಿ. ಪರದೆಯ ಮೇಲೆ ಸ್ಕ್ಯಾನ್‌ಗೆ ಮೊದಲೇ ಮೂಡುತ್ತದೆ, ನಿಜ. ತುರ್ತು ಚಿಕಿತ್ಸೆಯ ಗಡಿಬಿಡಿಯಲ್ಲಿ ಹತ್ತಾರು ಅಂಕಿಗಳ ನಡುವೆ ಅದೂ ಒಂದು. ಅಂಕಿ ತೋರಿಸಿದ ಮಾತ್ರಕ್ಕೆ ಹೊಣೆ ಮುಗಿಯಿತೆನ್ನುವ ತಂತ್ರಾಂಶ ಅರ್ಧ ಕೆಲಸ ಮಾಡಿದಂತೆಯೇ ಸರಿ.

ಅದೇ ವರ್ಷ ಅಮೆರಿಕದ ತಯಾರಕರ ಒಕ್ಕೂಟ ‘ಡೋಸ್ ಚೆಕ್’ ಎಂಬ ಮಾನದಂಡ ಪ್ರಕಟಿಸಿತು. ಇದರಂತೆ ಎಚ್ಚರಿಕೆ ಎರಡು ಹಂತದ್ದು. ಒಂದು ಸ್ಕ್ಯಾನ್‌ನ ವಿಕಿರಣ ವಾಡಿಕೆಯ ಪ್ರಮಾಣ ಮೀರುವಂತಿದ್ದರೆ ಸೂಚನೆ ಮೂಡುತ್ತದೆ. ಪರೀಕ್ಷೆಯ ಒಟ್ಟು ವಿಕಿರಣ ಅಪಾಯದ ಮಿತಿಗೆ, ಅಂದರೆ ಸಾಮಾನ್ಯವಾಗಿ 1 ಗ್ರೇಗೆ, ಏರುವಂತಿದ್ದರೆ ತಂತ್ರಜ್ಞರು ಹೆಸರು ದಾಖಲಿಸಿ ಖಚಿತಪಡಿಸದ ಹೊರತು ಯಂತ್ರ ಮುಂದುವರಿಯದು.

ಫಿಲಿಪ್ಸ್, ಸೀಮೆನ್ಸ್ ಹೆಲ್ತಿನೀರ್ಸ್, ಜಿಇ ಹೆಲ್ತ್‌ಕೇರ್ ಕಂಪನಿಗಳ ತಂತ್ರಾಂಶ ಅಭಿವೃದ್ಧಿ ಕೇಂದ್ರಗಳು ಬೆಂಗಳೂರಿನಲ್ಲಿಯೂ ಇರುವುದರಿಂದ ಈ ಪಾಠ ನಮಗೆ ದೂರದ್ದಲ್ಲ. ವೈದ್ಯಕೀಯ ತಂತ್ರಾಂಶಕ್ಕೆ 2006ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನದಂಡ ಐಇಸಿ 62304, ದೋಷದಿಂದ ಆಗಬಹುದಾದ ಹಾನಿಗೆ ತಕ್ಕಂತೆ ತಂತ್ರಾಂಶವನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಪ್ರಾಣಾಪಾಯ ಅಥವಾ ಗಂಭೀರ ಗಾಯದ ಸಾಧ್ಯತೆಯಿರುವುದು ‘ಸಿ’ ವರ್ಗದ್ದು. ಪರದೆಯನ್ನು ಬಳಸುವವರು ಎಲ್ಲಿ ಎಡವಬಹುದೆಂದು ಮೊದಲೇ ಪರೀಕ್ಷಿಸುವ ನಿಯಮಗಳು ಇನ್ನೊಂದು ಮಾನದಂಡ ಐಇಸಿ 62366ರಲ್ಲಿವೆ.