ತಪ್ಪು ಯಾರದು ಎಂಬ ಪ್ರಶ್ನೆ: ಹಿಂಸೆಗೊಳಗಾದ ಸ್ತ್ರೀಯರೂ ಬಲಿಪಶು ಸಿದ್ಧಾಂತಗಳೂ

ಹುಟ್ಟುಕುರುಡನನ್ನು ಕಂಡ ಶಿಷ್ಯರು ಅವನ ಕುರುಡುತನಕ್ಕೆ ಕಾರಣ ಅವನ ಪಾಪವೋ ಹೆತ್ತವರ ಪಾಪವೋ ಎಂದು ತಿಳಿಯಬಯಸಿದರು (ಯೋಹಾನ 9). ಎರಡರಲ್ಲೊಂದು ನಿಜವಾಗಿರಲೇಬೇಕೆಂಬುದು ಅವರ ಎಣಿಕೆ. ಕರ್ತನು ಎರಡನ್ನೂ ಒಪ್ಪಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಪರಾಧಶಾಸ್ತ್ರದ ಶಾಖೆಯಾಗಿ ಬೆಳೆದ ಬಲಿಪಶುಶಾಸ್ತ್ರವು ಬಹುಕಾಲ ಶಿಷ್ಯರ ಪ್ರಶ್ನೆಯನ್ನೇ ಕೇಳುತ್ತ ಬಂದಿತು.

ಹಾನ್ಸ್ ಫಾನ್ ಹೆಂಟಿಗ್ 1948ರಲ್ಲಿ, ಅಪರಾಧವನ್ನು ಅರಿಯಲು ಅದಕ್ಕೆ ಗುರಿಯಾದವರ ವರ್ತನೆಯನ್ನೂ ಅರಿಯಬೇಕೆಂದು ವಾದಿಸಿದನು. ಬೆಂಜಮಿನ್ ಮೆಂಡೆಲ್‌ಸೋನ್ ಬಲಿಯಾದವರನ್ನು ಪೂರ್ಣ ನಿರಪರಾಧಿಯಿಂದ ಪೂರ್ಣ ಅಪರಾಧಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದನು. ಮಾರ್ವಿನ್ ವುಲ್ಫ್‌ಗ್ಯಾಂಗ್ 1958ರಲ್ಲಿ ಫಿಲಡೆಲ್ಫಿಯಾದ ಕೊಲೆಗಳನ್ನು ಪರಿಶೀಲಿಸಿ, ಮೊದಲು ಕೈಯೆತ್ತಿದವರು ಯಾರೆಂದು ಕೇಳಿದನು. ಇಬ್ಬರು ಕುಡಿದು ಕಾದಾಡಿದಲ್ಲಿ ಆ ಪ್ರಶ್ನೆಗೆ ಅರ್ಥವುಂಟು. ಅದೇ ಅಳತೆಗೋಲನ್ನು ಮೆನಾಚೆಮ್ ಅಮೀರ್ 1971ರಲ್ಲಿ ಅತ್ಯಾಚಾರಕ್ಕೆ ತಂದಾಗ ಅದು ಮುರಿಯಿತು. ಅದೇ ನಗರದ 646 ಪ್ರಕರಣಗಳಲ್ಲಿ ಶೇ. 19ರಷ್ಟನ್ನು ಸ್ತ್ರೀಯೇ ಪ್ರಚೋದಿಸಿದಳೆಂದು ಅವನು ಎಣಿಸಿದನು. ಸಾಕಷ್ಟು ಬಲವಾಗಿ ವಿರೋಧಿಸದಿದ್ದುದೂ ಆ ಲೆಕ್ಕಕ್ಕೆ ಸೇರಿತ್ತು. ಅವನ ಆಧಾರವೋ ಪೊಲೀಸರ ಕಡತಗಳು. ಬರೆದವರ ಅನುಮಾನವೇ ಶಾಸ್ತ್ರದ ದತ್ತಾಂಶವಾಯಿತು! ಬಲಿಯಾದವರ ಮೇಲೆಯೇ ತಪ್ಪು ಹೊರಿಸುವ ಈ ರೂಢಿಯನ್ನು ವಿಲಿಯಂ ರಯಾನ್ ಅದೇ ವರ್ಷ ಹೆಸರಿಟ್ಟು ಖಂಡಿಸಿದನು.

ಈ ಚರ್ಚೆ ನಮ್ಮಿಂದ ದೂರದ್ದಲ್ಲ. 2023ರ ಡಿಸೆಂಬರ್ 11ರ ನಸುಕಿನಲ್ಲಿ, ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗನು ತಾನು ಪ್ರೀತಿಸಿದ ಯುವತಿಯೊಡನೆ ಊರು ಬಿಟ್ಟನೆಂಬ ಕಾರಣಕ್ಕೆ ತಾಯಿಯನ್ನು ಮನೆಯಿಂದ ಎಳೆತಂದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಮೆಂಡೆಲ್‌ಸೋನನ ಮೆಟ್ಟಿಲುಗಳಲ್ಲಿ ಅವಳು ಪೂರ್ಣ ನಿರಪರಾಧಿ. ಅಷ್ಟು ಹೇಳಿ ಆ ಶಾಸ್ತ್ರ ಮೌನವಾಗುತ್ತದೆ. ಹೊಡೆದವರಿಗಾದರೋ ಅವಳ ನಡತೆ ಮುಖ್ಯವೇ ಆಗಿರಲಿಲ್ಲ. ಒಂದು ಮನೆತನದ ಮಾನಕ್ಕೆ ಇನ್ನೊಂದು ಮನೆಯ ಸ್ತ್ರೀಯ ದೇಹವು ಈಡಾಗಬೇಕಿತ್ತು. ‘ಬಲಿಪಶು’ ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಸಮುದಾಯವು ತನ್ನ ಕಲಹವನ್ನು ಒಬ್ಬರ ಮೇಲೆ ಹೊರಿಸಿ ಶಮನಗೊಳಿಸುತ್ತದೆಂದೂ ಸುವಾರ್ತೆಗಳು ಆ ಬಲಿಯ ನಿರ್ದೋಷವನ್ನು ಬಯಲುಗೊಳಿಸುತ್ತವೆಂದೂ ರೆನೆ ಜಿರಾರ್ ಹೇಳಿದುದು ಇಂಥ ಘಟನೆಗಳನ್ನು ಕುರಿತೇ. ರಾಜ್ಯದ ಉಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ನೋಡುತ್ತ ನಿಂತವರ ಹೊಣೆಯನ್ನು ಪ್ರಶ್ನಿಸಿತು. ಸಾಮೂಹಿಕ ದಂಡದ ಮಾತನ್ನೂ ಆಡಿತು. ಊರಿಗೆಲ್ಲ ದಂಡ ಹಾಕುವುದು ನ್ಯಾಯವೋ ಎಂಬುದು ಬೇರೆ ವಿಚಾರ. ಆದರೆ ದೃಷ್ಟಿ ಅವಳಿಂದ ಸರಿದು ಸುತ್ತ ನಿಂತವರ ಮೇಲೆ ಬಿದ್ದುದು ಗಮನಾರ್ಹ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಹಿಂಸೆಗೆ ಇನ್ನೊಂದು ಮುಖವಿದೆ: ಮುತ್ತು ಕಟ್ಟುವ ಪದ್ಧತಿ. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಬಹುಪಾಲು ದಲಿತ ಸ್ತ್ರೀಯರು. ಅವರು ಒಪ್ಪಿಯೇ ಬಂದವರೆಂಬ ಮಾತನ್ನು ನಾವು ಕೇಳಿದ್ದೇವೆ. 1982ರ ಕರ್ನಾಟಕ ಕಾಯಿದೆಯಾದರೋ ಸ್ತ್ರೀಯು ಸಮ್ಮತಿಸಿರಲಿ ಬಿಡಲಿ, ಸಮರ್ಪಣೆಯು ಅಸಿಂಧುವೆಂದು ಸಾರಿತು. ಸಮರ್ಪಿಸುವವರು ಹೆತ್ತವರೇ ಆದರೆ ಅದರಲ್ಲಿ ಶಿಕ್ಷೆ ಹೆಚ್ಚಾಗಿತ್ತು. ಬಡತನವೂ ಜಾತಿಯೂ ಬಾಲ್ಯದಲ್ಲಿಯೇ ತೀರ್ಮಾನಿಸಿದುದನ್ನು ಸಮ್ಮತಿ ಎನ್ನಲಾಗದು. ಹಾಗೆಂದು ಅವರನ್ನು ಕೇವಲ ಅಸಹಾಯಕರೆಂದು ಕಾಣುವುದೂ ಅರ್ಧಸತ್ಯವೇ. ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿಯವರು ಘಟಪ್ರಭಾದ ಮಾಸ್ ಸಂಸ್ಥೆಯನ್ನು ಮುನ್ನಡೆಸಿ, ಆ ಪದ್ಧತಿಯನ್ನು ತಡೆಯಲು ದುಡಿದು, 2018ರಲ್ಲಿ ಪದ್ಮಶ್ರೀ ಪಡೆದರು.

ಸಭೆಗಳೂ ಈ ದೋಷಕ್ಕೆ ಹೊರತಲ್ಲ. ಗಂಡನ ಹೊಡೆತ ತಾಳಲಾರದೆ ಬಂದವಳಿಗೆ ತಾಳ್ಮೆಯನ್ನು ಬೋಧಿಸುವಾಗ, ಅವಳಲ್ಲೇನು ಕೊರತೆ ಎಂದು ವಿಚಾರಿಸುವಾಗ, ಯೋಬನ ಸ್ನೇಹಿತರ ಪೀಠದಲ್ಲಿ ನಾವು ಕುಳಿತಿರುತ್ತೇವೆ. ಅಬ್ಷಾಲೋಮನು ತಾಮಾರಳಿಗೆ ಸುಮ್ಮನಿರಲು ಹೇಳಿದನು. ದಾವೀದನು ಕೋಪಗೊಂಡರೂ ಅಮ್ನೋನನನ್ನು ಶಿಕ್ಷಿಸಿದನೆಂದು 2 ಸಮುವೇಲ 13ರಲ್ಲಿ ಎಲ್ಲಿಯೂ ಕಾಣದು. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯ ಮೇರೆಗೆ ಇಂಥ ಸ್ತ್ರೀಗೆ ತಾನಿರುವ ಮನೆಯಲ್ಲಿಯೇ ವಾಸಿಸುವ ಹಕ್ಕುಂಟು, ನೆರವಿಗೆ ಸಂರಕ್ಷಣಾಧಿಕಾರಿಯೂ ಉಂಟು. ದೂರನ್ನು ಅವಳೇ ಕೊಡಬೇಕೆಂದಿಲ್ಲ. ವಿಷಯ ತಿಳಿದ ಯಾರಾದರೂ ಆ ಅಧಿಕಾರಿಗೆ ತಿಳಿಸಬಹುದು, ಸಭಾಪಾಲಕನೂ ತಿಳಿಸಬಹುದು.