ದಸರೆಗೆ ಯಾವ ಗೊಂಬೆ ಕೊಡುತ್ತೀರಿ?

ನವರಾತ್ರಿಯ ಸಂಜೆ ‘ಗೊಂಬೆ ಕೂರಿಸಿದ್ದೀರಾ?’ ಎಂದು ಮನೆಮನೆ ಸುತ್ತಿ ಗೊಂಬೆ ಬಾಗಿನ ಪಡೆದ ನೆನಪು ಹಳೆಯ ಮೈಸೂರು ಕಡೆಯ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಅಂಥ ಮನೆಯ ಪುಟ್ಟ ಮಗುವಿಗೆ ಈ ಸಲ ನೀವೇ ಒಂದು ಗೊಂಬೆ ಕೊಡುವುದಾದರೆ, ಚನ್ನಪಟ್ಟಣದ್ದನ್ನು ಕೊಡಿ. ಇದಕ್ಕೆ ವೈಜ್ಞಾನಿಕ ಕಾರಣವೂ ಇದೆ. ಎಳೆಯ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಕೆಲವು ಅಗ್ಗದ ಬಣ್ಣಗಳಲ್ಲಿ ಸೀಸವಿರುತ್ತದೆ. ಅದು ಅಲ್ಪಸ್ವಲ್ಪ ದೇಹ ಸೇರಿದರೂ ಮಿದುಳಿನ ಬೆಳವಣಿಗೆಗೆ ಹಾನಿ.

ಚನ್ನಪಟ್ಟಣದ ಸಾಂಪ್ರದಾಯಿಕ ಕ್ರಮವೇ ಬೇರೆ. ಒಣಗಿಸಿದ ಆಲೆಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಒಲೆ ಬೇಡ, ಕುಂಚವೂ ಬೇಡ! ಆಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು ಬಂತು. ಅರಗೆಂದರೆ ಒಂದು ಸಣ್ಣ ಕೀಟ ಸ್ರವಿಸುವ ರಾಳ. ಅದು ನೀರಿನಲ್ಲಿ ಕರಗುವುದಿಲ್ಲ.

ಆದರೆ ಚನ್ನಪಟ್ಟಣವೆಂಬ ಹೆಸರು ಕೇಳಿದ ಕೂಡಲೇ ಹಣ ಕೊಡಬೇಡಿ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ಹಾಗೆಂದು ಎಲ್ಲ ಬಣ್ಣವೂ ಗಿಡಮೂಲದ್ದೆಂದಲ್ಲ. ಅರಿಶಿನ, ನೀಲಿಯಂಥ ಸಸ್ಯದ ಬಣ್ಣವೇ ಎಂದು ಅಂಗಡಿಯವರನ್ನು ಕೇಳಿ. (ಕೇಳಲು ಸಂಕೋಚವೇಕೆ?) ಮಗು ಮೂರು ವರ್ಷದೊಳಗಿನದಾದರೆ ಕಳಚಿ ಬರುವ ಸಣ್ಣ ಗಾಲಿ, ಮಣಿಗಳಿಲ್ಲದ್ದನ್ನೇ ಆರಿಸಿ, ಬಣ್ಣ ಎಷ್ಟೇ ಶುದ್ಧವಿದ್ದರೂ ಮಣಿ ಗಂಟಲಿಗೆ ಸಿಕ್ಕಿಕೊಳ್ಳುವುದು ತಪ್ಪದು. ಕೊಡುವಾಗ ಮನೆಯವರಿಗೆ ಒಂದು ಮಾತು ಹೇಳಿ: ಗೊಂಬೆಯನ್ನು ನೀರಿನಲ್ಲಿ ನೆನೆಹಾಕಬಾರದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.